ಹಾಕದ ನಿಂಬೆಸಿಪ್ಪೆ

ಈರುಳ್ಳಿಯ ಸೊಪ್ಪು ಹೊಲದಲ್ಲಿ ತಾನಾಗಿ ಒರಗಿ ಒಣಗುವ ಕಾಲ. ಮಧ್ಯಾಹ್ನದ ಗಾಳಿ ಇನ್ನೂ ಮುಖ ಸುಡುವಂತಿತ್ತು. ಬೆಳಗಿನ ಹೊತ್ತು ಮಾತ್ರ ಶೆಡ್ಡಿನ ತಗಡಿನ ಕೆಳಗೆ ಕೂತು ಕೆಲಸ ಮಾಡುವಷ್ಟು ತಂಪಿರುತ್ತಿತ್ತು. ಗಂಡ ಹೆಂಡತಿ ಎದುರುಬದುರು ಕೂತಿದ್ದರು. ನಡುವೆ ಹಿಂದಿನ ವಾರ ಕಿತ್ತು ನೆರಳಿಗೆ ಹರಡಿದ್ದ ಈರುಳ್ಳಿಯ ರಾಶಿ. ಅವನು ಚಾಕುವಿನಿಂದ ಒಣಸೊಪ್ಪನ್ನೂ ಬೇರನ್ನೂ ಕೊಯ್ದು ಇತ್ತ ತಳ್ಳುತ್ತಿದ್ದ. ಅವಳು ಒಂದೊಂದನ್ನೇ ಎತ್ತಿ, ಕತ್ತು ಹಿಸುಕಿ ನೋಡಿ ಬೇರೆಮಾಡುತ್ತಿದ್ದಳು. ಕತ್ತು ಸಣ್ಣಗಾಗಿ ಒಣಗಿದ್ದು ಚೀಲಕ್ಕೆ. ಕತ್ತು ದಪ್ಪವಿದ್ದು ಒಳಗೆ ಹಸಿ ಉಳಿದದ್ದು ಬುಟ್ಟಿಗೆ, ಮನೆ ಖರ್ಚಿಗೆ.

ಹೋದ ವರ್ಷದವರೆಗೆ ಅವಳು ಹೀಗೆ ಹಿಸುಕಿದವಳಲ್ಲ. ಮೂಗಿನ ಹತ್ತಿರ ಒಂದು ಸಲ ಆಡಿಸಿದರೆ ಸಾಕಿತ್ತು, ಯಾವುದು ಒಳಗೊಳಗೇ ಕೊಳೆಯಲು ಹೊರಟಿದೆ ಎಂದು ತಿಳಿಯುತ್ತಿತ್ತು. ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಜೊತೆಗೇ ಕಟ್ಟಿಕೊಂಡು ಹೋಗಿತ್ತು. ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಅಷ್ಟೇ. ವಾಸನೆ ಇಲ್ಲ. ಬಾಯಿಗೆ ಹಾಕಿಕೊಂಡರೆ ಬಿಸಿ, ತಣ್ಣಗೆ, ಗಟ್ಟಿ, ಮೆತ್ತಗೆ ಎನ್ನುವುದು ತಿಳಿಯುತ್ತಿತ್ತು, ಉಪ್ಪು ಹುಳಿ ಸಿಹಿ ಒಂದೂ ಇಲ್ಲ. ಹಾಲು ಹುಳಿಯಾಗಿದೆಯೇ ಎಂದು ತಿಳಿಯಲು ಕಾಯಿಸಿಯೇ ನೋಡಬೇಕು, ಒಡೆದರೆ ಹೌದು. ಡಾಕ್ಟರು, "ಬರುತ್ತಮ್ಮ, ಕೆಲವರಿಗೆ ನಿಧಾನ," ಎಂದಿದ್ದರು. ರುಚಿ ವಾಸನೆ ಹೋದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ನಾಳೆ ಬಂದುಬಿಟ್ಟರೆ ಹೇಳುವುದೇ ಬೇಡವಲ್ಲ ಎಂದುಕೊಂಡು ಒಂದೊಂದು ದಿನ ತಳ್ಳಿದಳು. ತಳ್ಳುತ್ತ ತಳ್ಳುತ್ತ ಬೇಸಿಗೆಯೇ ಬಂತು.

ಗಂಡ ಮಾತ್ರ ಜ್ವರ ಬಿಟ್ಟಾಗಿನಿಂದ ಒಂದರ ಮೇಲೊಂದು ಕೆಲಸ ಹಚ್ಚಿಕೊಂಡಿದ್ದ. ಆರು ವರ್ಷದಿಂದ ಸೋರುತ್ತಿದ್ದ ಶೆಡ್ಡಿನ ತಗಡು ಬದಲಾಯಿತು. ಬಚ್ಚಲಿನ ಕೊಳಾಯಿ ಸರಿಯಾಯಿತು. ಬೇಲಿಗೆ ಹೊಸ ಕಂಬ ಬಂತು. ಊಟಕ್ಕೆ ಕೂರುವಾಗ ನೀರಿನ ಕೊಡವನ್ನೇ ಪಕ್ಕಕ್ಕೆ ಎಳೆದುಕೊಂಡು ಕೂರುತ್ತಿದ್ದ. ಬಿಸಿಲಿಗೆ ಬಾಯಾರಿಕೆ ಹೆಚ್ಚು ಎಂದು ಅವಳು ತಿಳಿದಿದ್ದಳು.

"ಇವತ್ತು ಹೋಗ್ತೀಯಲ್ಲ?" ಎಂದ ಅವನು ತಲೆ ಎತ್ತದೆ.

"ಹೋಗಲೇಬೇಕಲ್ಲ. ನನ್ನ ಹೆಸರು ಕೊಟ್ಟು ಕೂತಿದ್ದಾರೆ."

"ಹೋಗಿ ಬಾ. ನಾನು ಅಡುಗೆಮನೆ ಬಾಗಿಲಿನ ಚಿಲಕ ಸರಿ ಮಾಡ್ತೀನಿ."

"ಚಿಲಕಕ್ಕೆ ಏನಾಗಿದೆ?"

"ಏನೂ ಆಗಿಲ್ಲ. ಆಗೋ ಮುಂಚೆ ಮಾಡಿದ್ರೆ ಒಳ್ಳೇದಲ್ವಾ."

ಅವಳು ಇನ್ನೊಂದು ಈರುಳ್ಳಿಯ ಕತ್ತು ಹಿಸುಕಿದಳು.

ಹೋಗಬೇಕಾದದ್ದು ಪೇಟೆಯ ಲೈಬ್ರರಿಗೆ. ಅಲ್ಲಿಗೆ ಅಡುಗೆ ಪುಸ್ತಕ ಬರೆದವರು ಯಾರಾದರೂ ಬಂದರೆ ಅವಳೂ ಅವಳ ಇಬ್ಬರು ಗೆಳತಿಯರೂ ತಪ್ಪಿಸುವವರಲ್ಲ. ಒಬ್ಬಳು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಕೈಯಲ್ಲೂ ಬಾಯಲ್ಲೂ ಒಂದೇ ಆಯುಧ ಎಂದು ಅವಳಿಗೆ ಕತ್ತರಿ ಎಂದೇ ಹೆಸರು. ಇನ್ನೊಬ್ಬಳು ಊರಿಗೂ ಪೇಟೆಗೂ ಓಡುವ ಬಸ್ಸಿನ ಕಂಡಕ್ಟರ್, ಅವಳು ಸೀಟಿ. ಈರುಳ್ಳಿ ಬೆಳೆಯುವ ಇವಳು ತಕ್ಕಡಿ. ಈ ಹೆಸರು ಬಂದದ್ದು ಮೂವರೂ ಕೂಡಿ ಉಂಡ ಮೊದಲನೇ ಊಟದಲ್ಲಿ. ಕತ್ತರಿಯ ಮನೆಯಲ್ಲಿ ಒಂದು ತುತ್ತು ಬಾಯಿಗಿಟ್ಟು ಇವಳು, "ಇದಕ್ಕೆ ಉಪ್ಪು ಜಾಸ್ತಿ ಆಗಿಲ್ಲ, ಎರಡು ಸಲ ಬಿದ್ದಿದೆ," ಎಂದಿದ್ದಳು. ವಿಚಾರಿಸಿದರೆ ಕತ್ತರಿ ಹಾಕಿ ಹೊರಗೆ ಹೋದಾಗ ಅವಳ ಅತ್ತೆ ಬಂದು ಮತ್ತೆ ಹಾಕಿದ್ದರು. ಅಂದಿನಿಂದ ಆ ಮನೆಯ ಅತ್ತೆ ಕೂಡ ಇವಳಿಗೆ ತಕ್ಕಡಿ ಎಂದೇ ಕರೆಯುತ್ತಿದ್ದರು, ಸ್ವಲ್ಪ ಹೆದರಿಕೊಂಡೇ.

ಅವರದೊಂದು ಕಟ್ಟಳೆ ಇತ್ತು. ಮೂವರಿಗೂ ಸೇರಿ ಪುಸ್ತಕದ ಒಂದೇ ಪ್ರತಿ. ಅದು ಸೀಟಿಯ ಬಸ್ಸಿನಲ್ಲಿ ಮನೆಯಿಂದ ಮನೆಗೆ ಓಡಾಡುತ್ತಿತ್ತು. ಬರೆದವರು ಬಂದು ಮಾತಾಡಿದ ದಿನವೇ ಸಂಜೆ, ಸರದಿ ಯಾರದೋ ಅವರ ಮನೆಯಲ್ಲಿ ಊಟ. ಮುಚ್ಚಿದ ಪುಸ್ತಕದೊಳಗೆ ಊಟದ ಚಾಕು ತೂರಿಸಿ, ತೆರೆದ ಪುಟದಲ್ಲಿ ಏನಿದೆಯೋ ಅದನ್ನೇ ಮಾಡಬೇಕು. ಸರದಿ ತಪ್ಪಿಸಿಕೊಂಡವರಿಗೆ ಸೀಟಿ ತನ್ನ ಚೀಲದಿಂದ ಹಳೆಯ ಕಾಲದ ಟಿಕೆಟ್ ಒಂದನ್ನು ಹರಿದು ಕೊಡುತ್ತಿದ್ದಳು. ಊಟ ಹಾಕುವವರೆಗೆ ಅದು ಆ ಮನೆಯ ಕನ್ನಡಿಯ ಹಿಂದೆ ಸಿಕ್ಕಿಕೊಂಡಿರಬೇಕು. ಈಗ ತಕ್ಕಡಿಯ ಮನೆಯ ಕನ್ನಡಿಯ ಹಿಂದೆ ಎರಡು ಟಿಕೆಟ್ ಇದ್ದವು. ಒಂದು ಸಲ ಈರುಳ್ಳಿ ಸಸಿ ನಾಟಿ ಎಂದಿದ್ದಳು. ಇನ್ನೊಂದು ಸಲ, ಶೆಡ್ಡಿನ ತಗಡು ಬಿಚ್ಚಿದ್ದಾರೆ, ಮನೆಯೆಲ್ಲ ದೂಳು ಎಂದಿದ್ದಳು.

"ನಮಗೆ ಉಣ್ಣೋ ಋಣ ಇಲ್ಲವೋ, ನಿನಗೆ ಇಕ್ಕೋ ಮನಸ್ಸಿಲ್ಲವೋ," ಎಂದು ಕತ್ತರಿ ಕೇಳಿದ್ದಳು. ಅದು ತಮಾಷೆಯೇ. ಆದರೂ ತಕ್ಕಡಿ ಆ ರಾತ್ರಿ ಸರಿಯಾಗಿ ಮಲಗಿರಲಿಲ್ಲ.

ಈ ಸಲ ಬರುತ್ತಿದ್ದದ್ದು ರೈಲ್ವೆ ಕ್ಯಾಂಟೀನಿನಲ್ಲಿ ಬಹಳ ವರ್ಷ ಅಡುಗೆ ಮಾಡಿ, ಕೆಲಸ ಬಿಟ್ಟ ಮೇಲೆ ಪುಸ್ತಕ ಬರೆದ ಹಿರಿಯಾಕೆ. ಸಭೆಯಲ್ಲಿಯೇ ಒಲೆ ಹಚ್ಚಿ ಒಂದು ಸೂಪು ಮಾಡುತ್ತಾರೆ, ಕೇಳಲು ಬಂದವರಲ್ಲಿ ಒಬ್ಬರು ಅದರ ರುಚಿ ನೋಡಿ ಒಳಗೆ ಏನೇನಿದೆ ಎಂದು ಹೇಳಬೇಕು, ಇಷ್ಟವಿದ್ದವರು ಚೀಟಿಯಲ್ಲಿ ಹೆಸರು ಬರೆದು ಕೊಡಿ ಎಂದು ಲೈಬ್ರರಿಯ ಗೋಡೆಗೆ ಹಚ್ಚಿದ್ದರು. ಕತ್ತರಿ ಯಾರನ್ನೂ ಕೇಳದೆ ತಕ್ಕಡಿಯ ಹೆಸರು ಬರೆದು ಕೊಟ್ಟಳು. ಬೇರೆ ಯಾರೂ ಕೊಡಲಿಲ್ಲ.

ಸುದ್ದಿ ತಿಳಿದ ದಿನ ತಕ್ಕಡಿ ತಪ್ಪಿಸಿಕೊಳ್ಳುವುದು ಹೇಗೆಂದೇ ಲೆಕ್ಕ ಹಾಕಿದಳು. ಆಗುವುದಿಲ್ಲ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಹೇಳಬೇಕು. ಹೇಳಿಬಿಟ್ಟರೆ ಆಮೇಲೆ ತಾನು ಯಾರು? ಕತ್ತರಿಗೆ ಮಾತಿದೆ, ಸೀಟಿಗೆ ಊರೆಲ್ಲ ಗೊತ್ತು. ತನ್ನ ಹತ್ತಿರ ಇದ್ದದ್ದು ಈ ನಾಲಿಗೆ ಒಂದೇ. ಅದೂ ಇಲ್ಲದಿದ್ದರೆ ಆ ಮೂವರ ಪಂಕ್ತಿಯಲ್ಲಿ ತನ್ನ ಎಲೆ ಯಾತಕ್ಕೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ.

ಪುಸ್ತಕದ ಪ್ರತಿ ಆಗ ಅವಳ ಮನೆಯಲ್ಲೇ ಇತ್ತು. ಅದರಲ್ಲಿ ಇದ್ದ ಸೂಪು ಒಂದೇ, ಬಿಳಿ ಕಾಳಿನದು. ಅವಳು ಆ ಪುಟವನ್ನು ಮಗ್ಗಿ ಉರುಹೊಡೆದಂತೆ ಬಾಯಿಪಾಠ ಮಾಡಿದಳು. ಬಿಳಿ ಕಾಳು, ಈರುಳ್ಳಿ, ಶುಂಠಿ, ಜೀರಿಗೆ, ಕೊನೆಯಲ್ಲಿ ಒಣಗಿಸಿ ಪುಡಿಮಾಡಿದ ನಿಂಬೆಸಿಪ್ಪೆ. ಈರುಳ್ಳಿ ರಾಶಿಯ ಮುಂದೆ ಕೂತಾಗಲೂ ತುಟಿ ಅಲ್ಲಾಡುತ್ತಿತ್ತು. ಗಂಡ ಅದನ್ನು ನೋಡಿ, ಎದ್ದು ಹೋಗಿ ಅಂಗಳದ ಕಲ್ಲು ಸರಿಮಾಡಿದ.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಬಸ್ಸು ಬಂತು. ಸೀಟಿಗೆ ಅಂದು ಅದೇ ಕೊನೆಯ ಓಡಾಟ.

"ಬಾಮ್ಮ ತಕ್ಕಡಿ, ನಿನಗೋಸ್ಕರ ಮುಂದಿನ ಸೀಟು ಖಾಲಿ ಇಟ್ಟಿದೀನಿ. ಇವತ್ತು ನಮ್ಮ ಮಾನ ನಿನ್ನ ನಾಲಿಗೆ ಮೇಲಿದೆ."

"ನನ್ನ ಮಾನ ನಾನೇ ನೋಡ್ಕೊಂಡ್ರೆ ಸಾಕಾಗಿದೆ," ಎಂದಳು ಇವಳು.

"ನೋಡಿ, ಎಷ್ಟು ವಿನಯ," ಎಂದು ಸೀಟಿ ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. "ಯಾರ ಮನೆ ಬಾವಿ ನೀರು ಅಂತ ಕುಡಿದೇ ಹೇಳ್ತಾಳೆ ಇವಳು. ಟಿಕೆಟ್, ಟಿಕೆಟ್."

ಲೈಬ್ರರಿಯ ಉದ್ದದ ಕೋಣೆಯಲ್ಲಿ ಪುಸ್ತಕದ ಕಪಾಟುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಪೇಪರ್ ಓದುವ ಮೇಜಿನ ಮೇಲೆ ಎಣ್ಣೆಬಟ್ಟೆ ಹಾಸಿ ಸಣ್ಣ ಗ್ಯಾಸ್ ಒಲೆ ಇಟ್ಟಿದ್ದರು. ಕತ್ತರಿ ಅಂಗಡಿ ಮುಚ್ಚಿ ಮೊದಲೇ ಬಂದು ಮುಂದಿನ ಸಾಲು ಹಿಡಿದಿದ್ದಳು. ಅವಳ ರವಿಕೆಯ ತುದಿಯಲ್ಲಿ ಎರಡು ಗುಂಡುಸೂಜಿ ಇನ್ನೂ ಸಿಕ್ಕಿಕೊಂಡಿದ್ದವು.

ಬರೆದಾಕೆ ಗಿಡ್ಡ, ದಪ್ಪ, ಬಿಳಿಕೂದಲಿನ ಹೆಂಗಸು. ಮೈಕು ಕೊಟ್ಟರೆ ಅದನ್ನು ಸೌಟಿನಂತೆ ಹಿಡಿದರು. ಕ್ಯಾಂಟೀನಿನ ಕತೆ ಹೇಳುತ್ತ, ರೈಲು ತಡವಾದರೆ ಸೂಪಿಗೆ ನೀರು ಸೇರುತ್ತಿತ್ತು, ರೈಲು ಬರದಿದ್ದರೆ ಆ ಸೂಪು ನಮಗೇ ಎಂದು ನಗಿಸುತ್ತ, ಕಾಳನ್ನು ಮಗುಚಿದರು. ಮಾತಿನ ನಡುವೆ ಎರಡು ಸಲ ಹೇಳಬೇಕಾದ ಪದ ಮರೆತು, "ವಯಸ್ಸು ನೋಡಿ, ಡಬ್ಬಿ ಇರುತ್ತೆ, ಮುಚ್ಚಳ ಸಿಗಲ್ಲ," ಎಂದು ತಲೆ ಮುಟ್ಟಿಕೊಂಡರು. ಜನ ನಕ್ಕರು. ಅವರೂ ನಕ್ಕರು, ಆದರೆ ಕಣ್ಣು ನಗಲಿಲ್ಲ ಎನ್ನುವುದು ಮುಂದಿನ ಸಾಲಿನಲ್ಲಿದ್ದ ತಕ್ಕಡಿಗೆ ಕಂಡಿತು. ಇಲ್ಲದ್ದನ್ನು ಇದೆ ಎನ್ನುವಂತೆ ನಗುವುದು ಹೇಗೆಂದು ಅವಳಿಗೆ ಈಚೆಗೆ ಗೊತ್ತಾಗಿತ್ತು.

ಹೆಸರು ಕರೆದರು. ಅವಳು ಎದ್ದು ಹೋದಳು. ಬಟ್ಟಲಿನಿಂದ ಹಬೆ ಏಳುತ್ತಿತ್ತು. ಹಬೆಗೆ ಮುಖ ಒಡ್ಡಿದಳು, ಬಿಸಿ ತಾಗಿತು. ಒಂದು ಚಮಚ ಬಾಯಿಗಿಟ್ಟಳು. ಕಾಳು ನುಣ್ಣಗೆ ಬೆಂದಿತ್ತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು, ಮುಂಚೆ ಹಾಗೆ ಮಾಡುತ್ತಿದ್ದೆ ಎಂದು ನೆನಪಿಸಿಕೊಂಡು.

"ಬಿಳಿ ಕಾಳು. ಈರುಳ್ಳಿ, ಕೆಂಪಗಾಗೋವರೆಗೆ ಬಾಡಿಸಿದ್ದು. ಶುಂಠಿ. ಜೀರಿಗೆ," ಎಂದಳು. "ಕೊನೆಗೆ ನಿಂಬೆಸಿಪ್ಪೆ. ಒಣಗಿಸಿದ್ದು."

ಕತ್ತರಿ ಆಗಲೇ ಚಪ್ಪಾಳೆ ತಟ್ಟಿದ್ದಳು.

ಬರೆದಾಕೆ ಹುಬ್ಬು ಗಂಟಿಕ್ಕಿದರು. "ಎಲ್ಲ ಸರಿ. ಆದ್ರೆ ನಿಂಬೆಸಿಪ್ಪೆ ಇವತ್ತು ಹಾಕಿಲ್ಲಮ್ಮ. ಆ ಡಬ್ಬಿ ಮನೇಲೇ ಉಳೀತು. ಅದಿಲ್ಲದೆ ಹೇಗಾಗುತ್ತೆ ಅಂತ ಕೇಳೋಣ ಅಂತಿದ್ದೆ."

ತಕ್ಕಡಿ ಚಮಚ ಕೆಳಗಿಟ್ಟಳು. ಏನಾದರೂ ಹೇಳಿ ಜಾರಿಕೊಳ್ಳುವಷ್ಟರಲ್ಲಿ ಕತ್ತರಿ ಎದ್ದು ನಿಂತಿದ್ದಳು.

"ಅಮ್ಮ, ತಪ್ಪು ತಿಳ್ಕೋಬೇಡಿ. ಹಾಕಿರ್ತೀರಿ, ಮರೆತಿರ್ತೀರಿ. ನಮ್ಮ ತಕ್ಕಡಿ ಇದೆ ಅಂದ್ರೆ ಇರುತ್ತೆ."

"ಇಲ್ಲಮ್ಮ, ಡಬ್ಬಿನೇ ತಂದಿಲ್ಲ ನಾನು."

"ನನ್ನ ಅತ್ತೆ ಕೂಡ ಉಪ್ಪು ಹಾಕೇ ಇಲ್ಲ ಅಂದಿದ್ರು," ಎಂದಳು ಕತ್ತರಿ ಸಭೆಯ ಕಡೆ ತಿರುಗಿ. "ಇವಳು ಬಾಯಿಗಿಟ್ಟು ಹೇಳಿದ್ಮೇಲೆ ಒಪ್ಕೊಂಡ್ರು."

ಹಿಂದಿನಿಂದ ಸೀಟಿಯೂ ದನಿ ಸೇರಿಸಿದಳು. "ಚೀಲದಲ್ಲಿ ಒಂದ್ಸಲ ನೋಡಿಬಿಡಿ ಅಮ್ಮ. ಜೀರಿಗೆ ಡಬ್ಬಿಗೇ ಸೇರ್ಕೊಂಡಿರಬಹುದು. ಹತ್ತು ವರ್ಷದಲ್ಲಿ ಇವಳ ನಾಲಿಗೆ ತಪ್ಪಿದ್ದಿಲ್ಲ."

ಜನರಲ್ಲಿ ಅಲ್ಲಲ್ಲಿ ನಗು ಎದ್ದಿತು. ಕೆಟ್ಟ ನಗುವಲ್ಲ, ಮನೆಯ ಅಜ್ಜಿ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಹುಡುಕುವಾಗ ಬರುವ ನಗು. ಬರೆದಾಕೆ ಬಗ್ಗಿ ಕೈಚೀಲ ತೆಗೆದರು. ಒಂದೊಂದೇ ಡಬ್ಬಿ ಮೇಜಿನ ಮೇಲಿಟ್ಟರು. ಜೀರಿಗೆ ಡಬ್ಬಿ ತೆರೆದು ಬೆರಳಾಡಿಸಿದರು. ಸೌಟಿನಲ್ಲಿ ಸ್ವಲ್ಪ ಎತ್ತಿ ತಾವೇ ಬಾಯಿಗೆ ಹಾಕಿಕೊಂಡರು, ಇನ್ನೊಮ್ಮೆ ಹಾಕಿಕೊಂಡರು.

"ಇರಬಹುದೇನೋ," ಎಂದರು ಮೆಲ್ಲಗೆ. ಮೈಕು ಬಾಯಿಯಿಂದ ದೂರವಿತ್ತು, ಪಕ್ಕದಲ್ಲಿ ನಿಂತವಳಿಗೆ ಮಾತ್ರ ಕೇಳಿಸಿತು. "ಹಾಕಿರಬಹುದು. ಈಚೆಗೆ ನನಗೇ ಗೊತ್ತಾಗಲ್ಲ. ಮಗಳೂ ಹಾಗೇ ಅಂತಾಳೆ."

ತಕ್ಕಡಿ ಆ ಮುಖ ನೋಡಿದಳು. ಸುಮ್ಮನಿದ್ದರೆ ಮುಗಿಯಿತು. ಸಭೆ ಚಪ್ಪಾಳೆ ತಟ್ಟುತ್ತದೆ, ಗೆಳತಿಯರು ಗೆದ್ದಂತೆ ನಡೆಯುತ್ತಾರೆ, ಈ ಹೆಂಗಸು ತನ್ನ ತಲೆ ಕೆಟ್ಟಿತು ಎಂದುಕೊಂಡು ಸಂಜೆಯ ರೈಲು ಹತ್ತುತ್ತಾರೆ.

"ನೀವು ಹಾಕಿಲ್ಲ," ಎಂದಳು. ದನಿ ಅವಳಿಗೇ ಒರಟಾಗಿ ಕೇಳಿಸಿತು. "ನೀವು ಹೇಳಿದ್ದೇ ಸರಿ. ನಾನು ಪುಸ್ತಕದಲ್ಲಿ ಓದಿದ್ದನ್ನ ಹೇಳಿದೆ."

ಕತ್ತರಿ, "ಏನೇ ಅದು," ಎಂದಳು.

"ನನಗೆ ರುಚಿ ತಿಳಿಯಲ್ಲ. ವಾಸನೆನೂ ಇಲ್ಲ. ಚಳಿಗಾಲದ ಜ್ವರದಲ್ಲಿ ಹೋದದ್ದು ವಾಪಸ್ ಬಂದಿಲ್ಲ. ಇದರಲ್ಲಿ ಬರೀ ಬಿಸಿನೀರಿದ್ರೂ ನನಗೆ ಒಂದೇ."

ಒಲೆಯ ಮೇಲೆ ಸೂಪು ಪುಟುಪುಟು ಎನ್ನುತ್ತಿತ್ತು. ಭೂಮಿ ಬಾಯಿಬಿಡಲಿ ಎಂದು ಅವಳು ಕಾದಳು. ಅದು ಬಾಯಿಬಿಡಲಿಲ್ಲ. ಬದಲಿಗೆ ಬರೆದಾಕೆ ಎರಡೂ ಕೈಯಿಂದ ಅವಳ ಮೊಣಕೈ ಹಿಡಿದುಕೊಂಡರು.

"ಹಾಕಿಲ್ಲ ಅಲ್ವಾ?" ಎಂದರು. "ಖಂಡಿತಾ ಹಾಕಿಲ್ಲ ಅಲ್ವಾ?"

"ಇಲ್ಲಮ್ಮ."

"ಅಬ್ಬ," ಎಂದು ಆಕೆ ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ನಗತೊಡಗಿದರು. ಈ ಸಲ ಕಣ್ಣೂ ನಕ್ಕಿತು, ನೀರೂ ಬಂತು. "ಜೀವ ಬಂತು ನೋಡಿ. ನನ್ನ ತಲೇನೇ ಹೋಯ್ತು ಅಂದ್ಕೊಂಡೆ. ನಿಮ್ಮ ನಾಲಿಗೆ ಹೋಗಿದೆ ಅಷ್ಟೇ."

ಆ ಮಾತು ಎಷ್ಟು ಒರಟು ಎಂದು ಆಕೆಗೆ ತಡವಾಗಿ ಹೊಳೆದು ಬಾಯಿ ಮುಚ್ಚಿಕೊಂಡರು. ಆದರೆ ಅಷ್ಟರಲ್ಲಿ ತಕ್ಕಡಿಗೇ ನಗು ಬಂದುಬಿಟ್ಟಿತ್ತು. ಅಷ್ಟೇ. ಎಷ್ಟೋ ತಿಂಗಳು ಹೊಟ್ಟೆಯಲ್ಲಿ ಹೊತ್ತು ತಿರುಗಿದ್ದನ್ನು ಒಬ್ಬರು ಅಷ್ಟೇ ಎಂದುಬಿಟ್ಟಿದ್ದರು. ಅವಳು ಮೇಜು ಹಿಡಿದು ನಕ್ಕಳು. ಸಭೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಲೈಬ್ರರಿಯವರು ಎದ್ದು ವಂದನೆ ಹೇಳಿದರು.

ಹೊರಗೆ ಮೆಟ್ಟಿಲ ಮೇಲೆ ಕತ್ತರಿ ರವಿಕೆಯ ಗುಂಡುಸೂಜಿ ಕಿತ್ತು ಮತ್ತೆ ಚುಚ್ಚುತ್ತ ನಿಂತಿದ್ದಳು.

"ನಮಗೂ ಹೇಳಲಿಲ್ಲವಲ್ಲೇ," ಎಂದಳು ತಕ್ಕಡಿಯನ್ನು ಕಂಡು.

"ಹೇಳಿದ್ರೆ ನಾನು ಇನ್ನೇನು ಉಳೀತೀನಿ ಅನ್ನಿಸ್ತು. ತಕ್ಕಡಿ ಅಂತ ತಾನೇ ಕರೆಸ್ಕೊಂಡಿದ್ದು."

"ಅಲ್ಲ, ನಿನ್ನ ನಾಲಿಗೆ ಜೊತೆ ಊಟ ಮಾಡ್ತಿದ್ವಾ ನಾವು? ಹತ್ತು ವರ್ಷ ನಿನಗೆ ಹೆದರ್ಕೊಂಡು ಉಪ್ಪು ಹಾಕಿದೀನಿ, ಗೊತ್ತಾ? ನೀನು ಬರೋ ದಿನ ನಮ್ಮತ್ತೆ ಉಪ್ಪಿನ ಡಬ್ಬಿ ಮುಟ್ಟಲ್ಲ. ಇನ್ಮೇಲೆ ನಾವಿಬ್ರೂ ಆರಾಮಾಗಿ ಅಡುಗೆ ಮಾಡ್ತೀವಿ." ಕತ್ತರಿ ಮೂಗು ಒರೆಸಿಕೊಂಡಳು. "ಕೇಳದೆ ನಿನ್ನ ಹೆಸರು ಕೊಟ್ಟಿದ್ದು ನನ್ನ ತಪ್ಪು. ಆ ಅಮ್ಮನ ಮುಂದೆ ಹಾಗೆ ವಾದ ಮಾಡಿದ್ದೂ ತಪ್ಪು. ಪಾಪ, ಅವರನ್ನ ಕೊಂದೇಬಿಡ್ತಿದ್ದೆ."

"ಎರಡು ಟಿಕೆಟ್ ಯಾಕೆ ಬಾಕಿ ಉಳೀತು ಅಂತ ಈಗ ತಿಳೀತು," ಎಂದಳು ಸೀಟಿ. "ಅದಿರಲಿ, ಇವತ್ತು ಸರದಿ ಯಾರದು?"

ಕತ್ತರಿ ತಕ್ಕಡಿಯ ಕಡೆ ಕೈ ತೋರಿಸಿದಳು.

"ಮನೇಲಿ ಏನೂ ಮಾಡಿಟ್ಟಿಲ್ಲ," ಎಂದಳು ತಕ್ಕಡಿ. "ಉಪ್ಪು ಸರಿಹೋಗುತ್ತೆ ಅಂತ ಮಾತು ಕೊಡಕ್ಕಾಗಲ್ಲ."

"ನಾಲಿಗೆ ನಾವು ತರ್ತೀವಿ. ನಡಿ," ಎಂದಳು ಕತ್ತರಿ.

ಊರಿಗೆ ವಾಪಸು ಹೊರಟ ಬೇರೆ ಬಸ್ಸಿನ ದಾರಿಯುದ್ದಕ್ಕೂ ತಕ್ಕಡಿ ಕಿಟಕಿಯ ಪಕ್ಕ ಕೂತು ಹೇಳುತ್ತಲೇ ಇದ್ದಳು. ಹಾಲನ್ನು ಕಾಯಿಸಿ ನೋಡುವುದು, ಸೋಪಿನ ವಾಸನೆ ಬಾರದೆ ಬಟ್ಟೆ ಎರಡು ಸಲ ಒಗೆಯುವುದು, ಕಾಫಿ ಬಿಸಿ ಎಂಬ ಒಂದೇ ಕಾರಣಕ್ಕೆ ಕುಡಿಯುವುದು. ಹೇಳಿದಷ್ಟೂ ಮೈ ಹಗುರವಾಗುತ್ತಿತ್ತು. ಸೀಟಿ ನಡುನಡುವೆ, "ಅಯ್ಯೋ ಶಿವನೇ," ಎನ್ನುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದ ಹಿಂದಿನ ಸೀಟಿನ ಅಜ್ಜ, ತನ್ನ ತಮ್ಮನಿಗೂ ಹಾಗೇ ಆಗಿತ್ತು, ಒಂದು ದಿನ ಇದ್ದಕ್ಕಿದ್ದಂತೆ ಸೀಮೆಎಣ್ಣೆ ವಾಸನೆ ಬಂತು ಎಂದು ಹೇಳಿ ತನ್ನ ಊರಿನಲ್ಲಿ ಇಳಿದುಹೋದ.

ಮನೆಯ ಅಡುಗೆಕೋಣೆಯ ಬಾಗಿಲು ಕಳಚಿ ಗೋಡೆಗೆ ಒರಗಿಸಿತ್ತು. ಗಂಡ ಚಿಲಕದ ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಕೂತಿದ್ದ. ಗೆಳತಿಯರನ್ನು ಕಂಡು ಮೊಳೆ ತೆಗೆದು ಎದ್ದ.

ಚಾಕುವಿನ ಶಾಸ್ತ್ರ ಮೊದಲು ಆಯಿತು. ಮೊದಲನೇ ಸಲ ಚಾಕು ಬರೆದಾಕೆ ತನ್ನ ಮಗಳಿಗೂ ಅಳಿಯನಿಗೂ ಕೃತಜ್ಞತೆ ಹೇಳಿದ ಪುಟಕ್ಕೆ ಹೋಯಿತು. ಅಳಿಯನನ್ನು ಬೇಯಿಸಲಾಗದು ಎಂದು ಕತ್ತರಿ ತೀರ್ಪು ಕೊಟ್ಟಳು. ಎರಡನೇ ಸಲ ಬಂದದ್ದು ಆಲೂಗಡ್ಡೆ. ತೆಳ್ಳಗೆ ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಈರುಳ್ಳಿಯ ಜೊತೆ ಪದರಪದರವಾಗಿ ಜೋಡಿಸಿ, ಹಾಲು ಸುರಿದು ಸಣ್ಣ ಉರಿಯಲ್ಲಿ ಇಂಗಿಸುವುದು.

"ಹಾಲು ನೋಡಿ ಯಾರಾದ್ರೂ," ಎಂದು ತಕ್ಕಡಿ ಪಾತ್ರೆ ಮುಂದೆ ಹಿಡಿದಳು. ಎಷ್ಟು ಸಲೀಸಾಗಿ ಕೇಳಿದೆನಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಸೀಟಿ ಮೂಸಿ, ಚೆನ್ನಾಗಿದೆ ಎಂದಳು.

ಗಂಡ ಇದನ್ನು ನೋಡುತ್ತಿದ್ದ. "ನಿನಗೇನಾಗಿದೆ? ನೀನೇ ನೋಡೋದಲ್ವಾ?"

ತಕ್ಕಡಿ ಬುಟ್ಟಿಯಿಂದ ದಪ್ಪಕತ್ತಿನ ಈರುಳ್ಳಿ ತೆಗೆದು ಹೆಚ್ಚುತ್ತ, ಕಣ್ಣೊರೆಸಿಕೊಳ್ಳುತ್ತ, ಅವನಿಗೂ ಹೇಳಿದಳು. ಮೂರನೇ ಸಲ ಹೇಳುವಾಗ ಮಾತು ಚಿಕ್ಕದಾಗಿತ್ತು. ಅವನು ಕೈಯಲ್ಲಿದ್ದ ಸುತ್ತಿಗೆಯನ್ನು ನೆಲದ ಮೇಲಿಟ್ಟ.

"ಹಾಗಾದ್ರೆ ನನ್ನ ಮೇಲೆ ಸಿಟ್ಟಿರಲಿಲ್ವಾ?"

"ನಿಮ್ಮ ಮೇಲೆ ಯಾಕೆ ಸಿಟ್ಟು?"

"ಒಂದು ದಿನ ಉಪ್ಪೇ ಇಲ್ಲ, ಒಂದು ದಿನ ಬಾಯಿಗಿಡೋ ಹಾಗಿಲ್ಲ. ಬಡಿಸೋವಾಗ ನೀನು ನನ್ನ ಮುಖಾನೇ ದಿಟ್ಟಿಸಿ ನೋಡ್ತಿದ್ದೆ. ನಾನು ಏನೋ ಮಾಡಿದೀನಿ, ಬಾಯಿಬಿಟ್ಟು ಹೇಳ್ತಿಲ್ಲ ಅಂದ್ಕೊಂಡೆ. ತಗಡು ಸೋರ್ತಿತ್ತಲ್ಲ, ಅದಕ್ಕಿರಬೇಕು ಅಂತ ಹಾಕಿಸ್ದೆ. ಆಮೇಲೂ ಸರಿಹೋಗಲಿಲ್ಲ. ಕೊಳಾಯಿ ಮಾಡ್ದೆ. ಬೇಲಿ ಮಾಡ್ದೆ."

"ಉಪ್ಪು ಹೇಗಿದೆ ಅಂತ ನಿಮ್ಮ ಮುಖದಲ್ಲಿ ನೋಡ್ತಿದ್ದೆ," ಎಂದಳು ಅವಳು. "ನೀವು ಒಂದು ಮಾತೂ ಆಡದೆ ತಿಂತಿದ್ರಿ. ಚೆನ್ನಾಗೇ ಇದೆ ಅಂದ್ಕೊಂಡೆ."

"ಉಪ್ಪು ತಿಂದವನು ನೀರು ಕುಡೀಬೇಕು ಅಂತ ಕುಡ್ಕೊಂಡು ಕೂತಿದ್ದೆ."

ಕತ್ತರಿ ಆಲೂಗಡ್ಡೆ ಹೆಚ್ಚುವುದನ್ನು ಬಿಟ್ಟು ಗೋಡೆ ಹಿಡಿದುಕೊಂಡು ನಕ್ಕಳು. "ಭಾವ, ಇವಳು ಇನ್ನೊಂದು ವರ್ಷ ಬಾಯಿ ಮುಚ್ಕೊಂಡಿದ್ದಿದ್ರೆ ಮಹಡಿನೇ ಏಳ್ತಿತ್ತು. ತಡೀರಿ, ನಮ್ಮೆಜಮಾನರಿಗೂ ನಾಳೆಯಿಂದ ಉಪ್ಪಿಲ್ಲ."

ಗಂಡ ಅವರ ಜೊತೆ ನಗಲಿಲ್ಲ. ಸುತ್ತಿಗೆ ಎತ್ತಿಕೊಂಡು ಚಿಲಕಕ್ಕೆ ಕೊನೆಯ ಮೊಳೆ ಹೊಡೆದ. ಬಾಗಿಲನ್ನು ಎತ್ತಿ ಕೂಡಿಸಿ, ಒಮ್ಮೆ ಹಾಕಿ ತೆಗೆದು ನೋಡಿದ. ಆಮೇಲೆ ಅವಳ ಹಿಂದೆ ಬಂದು ನಿಂತು, "ನೀನು ಒಬ್ಬಳೇ ಅದನ್ನ ಇಟ್ಕೊಂಡಿದ್ಯಲ್ಲ," ಎಂದಷ್ಟೇ ಹೇಳಿದ. ಅವನ ಹೆಗಲು ಚಳಿಗಾಲದಿಂದ ಈಚೆಗೆ ಬಿಗಿದುಕೊಂಡಿದ್ದು ಈಗ ಸಡಿಲವಾದುದನ್ನು ಅವಳು ನೋಡಿದಳು. ಬಿಗಿದುಕೊಂಡಿತ್ತು ಎಂದು ಗೊತ್ತಾದದ್ದೇ ಈಗ.

ಹಾಲು ಇಂಗುತ್ತ ಬಂತು. ರುಚಿ ನೋಡುವ ಕಾಲ. ತಕ್ಕಡಿ ಮೂವರಿಗೂ ಒಂದೊಂದು ಚಮಚ ಕೊಟ್ಟು ಕಾದಳು.

"ಉಪ್ಪು ಇನ್ನೊಂದು ಚಿಟಿಕೆ ಬೇಕು," ಎಂದಳು ಕತ್ತರಿ.

"ಇನ್ನೂ ಬೇಕಾ? ಆಗಲೇ ಮುಂದಾಗಿದೆ," ಎಂದಳು ಸೀಟಿ.

"ಸರಿಯಾಗಿದೆಯಪ್ಪ," ಎಂದ ಗಂಡ.

"ಭಾವ, ನೀವು ಸುಮ್ನಿರಿ. ಇಷ್ಟು ದಿನ ಉಪ್ಪಿನ ಗೋಣಿ ತಿಂದವರು ನೀವು. ನಿಮ್ಮ ನಾಲಿಗೆ ಸತ್ತಿದೆ."

"ನಿನ್ನದೇನು ಬದುಕಿದ್ಯಾ? ಒಂದೇ ಪಾತ್ರೆಗೆ ಎರಡು ಸಲ ಉಪ್ಪು ಬಿದ್ರೂ ತಿಳೀದವಳು," ಎಂದಳು ಸೀಟಿ ಕತ್ತರಿಗೆ.

ಮೂವರೂ ಮತ್ತೊಂದು ಚಮಚ ತಿಂದರು. ಜಗಳ ಅಲ್ಲೇ ನಿಂತಿತು, ಯಾರೂ ಒಂದಿಂಚು ಬಿಟ್ಟುಕೊಡಲಿಲ್ಲ. ತಕ್ಕಡಿ ಸೌಟು ಹಿಡಿದು ಒಬ್ಬೊಬ್ಬರ ಮುಖವನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ತಾನು ಸರಿ ಎಂದಾಗ ಇವರೆಲ್ಲ ಸರಿ ಎಂದಿದ್ದರು. ಅದು ಯಾರ ನಾಲಿಗೆಗೆ ಎಷ್ಟು ಸರಿಯಿತ್ತೋ, ದೇವರಿಗೇ ಗೊತ್ತು. ಅವಳು ಒಲೆ ಆರಿಸಿದಳು. ಉಪ್ಪಿನ ಬಟ್ಟಲನ್ನು ಮೇಜಿನ ನಡುವೆ ಇಟ್ಟಳು.

"ಅವರವರ ಉಪ್ಪು ಅವರವರೇ ಹಾಕ್ಕೊಳ್ಳಿ. ನನ್ನ ತಲೆ ತಿನ್ನಬೇಡಿ."

ಹೊರಗೆ ಇನ್ನೂ ಬೆಳಕಿತ್ತು. ಕಿಟಕಿಯಿಂದ ಶೆಡ್ಡಿನಲ್ಲಿ ಹರಡಿದ ಈರುಳ್ಳಿ ಕಾಣುತ್ತಿತ್ತು. ಅದರ ವಾಸನೆ ಕೋಣೆಯ ತುಂಬ ಇದೆ ಎಂದು ಕತ್ತರಿ ಹೇಳಿದಳು. ಇದ್ದಿರಬೇಕು. ತಕ್ಕಡಿ ತಟ್ಟೆಯಲ್ಲಿ ಬಡಿಸಿಕೊಂಡಳು. ಪಾತ್ರೆಯ ಅಂಚಿಗೆ ಅಂಟಿ ಕೆಂಪಗಾದ ಬಿಲ್ಲೆಗಳನ್ನು ಆರಿಸಿ ಹಾಕಿಕೊಂಡಳು. ಅವು ಹಲ್ಲಿಗೆ ಗರಿಗರಿ ಎಂದವು, ಒಳಗಿನದು ಬಿಸಿಯಾಗಿ ಕರಗಿತು. ರುಚಿ ಇರಲಿಲ್ಲ. ಆದರೆ ಯಾರಾದರೂ ಹೇಗಿದೆ ಎಂದು ಕೇಳುತ್ತಾರೆ ಎಂಬ ಹೆದರಿಕೆಯೂ ಇರಲಿಲ್ಲ. ಚಳಿಗಾಲದಿಂದ ಈಚೆಗೆ ಅವಳು ಎರಡನೇ ಸಲ ಬಡಿಸಿಕೊಂಡು ಉಂಡದ್ದು ಅಂದೇ.

"ಅಂಚು ನನಗಿರಲಿ," ಎಂದಳು. "ಗರಿಗರಿ ಇರೋದು ನನ್ನದು."

"ತಗೋ, ಎಲ್ಲ ನೀನೇ ತಗೋ," ಎಂದು ಸೀಟಿ ತನ್ನ ತಟ್ಟೆಯದನ್ನೂ ಇವಳ ತಟ್ಟೆಗೆ ಜಾರಿಸಿದಳು. ಗಂಡ ನೀರಿನ ಕೊಡ ಎಳೆದುಕೊಳ್ಳದೆಯೇ ಊಟ ಮುಗಿಸಿದ. ಏಳುವ ಮುಂಚೆ ಮಾತ್ರ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಉಪ್ಪಿನ ಬಟ್ಟಲಿಗೆ ಒಮ್ಮೆ ಬೆರಳು ಹಾಕಿದ. ಕತ್ತರಿ ನೋಡಿ, ಬಟ್ಟಲನ್ನು ಅವನ ಕಡೆ ಸ್ವಲ್ಪ ಸರಿಸಿದಳು.

ಕೈತೊಳೆದು ಬಂದ ಸೀಟಿ ಕನ್ನಡಿಯ ಹಿಂದಿನಿಂದ ಎರಡೂ ಟಿಕೆಟ್ ಎಳೆದಳು. ಬಿಸಿಲಿಗೆ ಅವುಗಳ ಬಣ್ಣ ಬಿಟ್ಟಿತ್ತು. ಒಂದನ್ನು ಹರಿದು ಒಲೆಯ ಬೂದಿಡಬ್ಬಿಗೆ ಹಾಕಿದಳು. ಇನ್ನೊಂದನ್ನು ಹರಿಯಲು ಹಿಡಿದು, ತಕ್ಕಡಿಯ ಮುಖ ನೋಡಿದಳು.

"ಒಂದು ಊಟಕ್ಕೆ ಒಂದೇ," ಎಂದಳು ತಕ್ಕಡಿ. "ಅದನ್ನ ಅಲ್ಲೇ ಇಡು. ಮುಂದಿನ ವಾರ ಬಂದು ಉಂಡು ಹೋಗಿ. ಅತ್ತೇನೂ ಕರ್ಕೊಂಡು ಬಾರೇ ಕತ್ತರಿ. ಉಪ್ಪು ಅವರೇ ಹಾಕಲಿ."

"ಅವರಾ? ಎರಡು ಸಲ ಹಾಕ್ತಾರೆ."

"ಹಾಕಲಿ ಬಿಡು. ಇನ್ನು ಹೇಳೋರು ಯಾರು."

ಸೀಟಿ ಉಳಿದ ಟಿಕೆಟನ್ನು ಕನ್ನಡಿಯ ಹಿಂದೆ ಮೊದಲಿದ್ದ ಜಾಗಕ್ಕೇ ಸಿಕ್ಕಿಸಿದಳು. ಗಂಡ ಲಾಟೀನು ಹಿಡಿದು ಶೆಡ್ಡಿನ ಕಡೆ ಹೊರಟ, ಪೂರ್ತಿ ಕತ್ತಲಾಗುವ ಮುಂಚೆ ಈರುಳ್ಳಿಯ ಮೇಲೆ ಗೋಣಿ ಹೊದಿಸಬೇಕಿತ್ತು. ಮೂವರೂ ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆ ನಡೆದರು.